ಭಾಗವತನೂ ಮುಖ್ಯೋಪಾಧ್ಯಾಯನೂ: ಹಿಪ್ಪರಗಿ ಸೀಮೆಯ ಪ್ರೌಢಶಾಲೆಗಳ ವಾತಾವರಣ ಕುರಿತು ಒಂದು ಜಾನಪದೀಯ ವಿಮರ್ಶೆ

1. ಪ್ರಶ್ನೆಯ ಸ್ವರೂಪ

"ಹೊಸಾ ಹೆಡ್‌ಮಾಸ್ತರ ಬಂದಮ್ಯಾಲ ಸಾಲೀಗಿ ಕಳೆ ಬಂತ್ ನೋಡ್ರಿ." ಕೃಷ್ಣಾತೀರದ ಹಿಪ್ಪರಗಿಯ ಸುತ್ತಲಿನ ಊರುಗಳಲ್ಲಿ ಇಂಥ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ. ಕಟ್ಟಡ ಹಳೆಯದೇ, ಶಿಕ್ಷಕರು ಅವರೇ, ಪಠ್ಯಪುಸ್ತಕವೂ ಅದೇ. ಬದಲಾದದ್ದು ಒಬ್ಬ ವ್ಯಕ್ತಿ ಮಾತ್ರ. ಆದರೂ ಶಾಲೆ ಬೇರೆಯಾಯಿತೆಂದು ಊರು ಗುರುತಿಸುತ್ತದೆ. ಶಿಕ್ಷಣಶಾಸ್ತ್ರವು 'ಶಾಲಾ ಸಂಘಟನಾ ವಾತಾವರಣ' ಎಂಬ ಪಾರಿಭಾಷಿಕ ಪದದಿಂದ ಸೂಚಿಸುವ ಸಂಗತಿಯನ್ನು ಜನರು 'ಕಳೆ' ಎಂಬ ಎರಡಕ್ಷರದಲ್ಲಿ ಹಿಡಿದಿಡುತ್ತಾರೆ. ಮನೆಗೆ ಕಳೆ ಬರುವುದು, ಮೋರೆಗೆ ಕಳೆ ಬರುವುದು, ಜಾತ್ರೆಗೆ ಕಳೆ ಬರುವುದು ಎಂಬ ಬಳಕೆಗಳ ಸಾಲಿನಲ್ಲಿಯೇ ಶಾಲೆಯ ಕಳೆಯೂ ಸೇರಿದೆ. ಕಳೆಯನ್ನು ಎಣಿಸಲು ಬರುವುದಿಲ್ಲ. ಆದರೆ ಅದು ಬಂದದ್ದೂ ಹೋದದ್ದೂ ಎಲ್ಲರಿಗೂ ತಿಳಿಯುತ್ತದೆ.

ಮುಖ್ಯೋಪಾಧ್ಯಾಯರ ನಾಯಕತ್ವ ಶೈಲಿಗೂ ಪ್ರೌಢಶಾಲೆಯ ವಾತಾವರಣಕ್ಕೂ ಇರುವ ಸಂಬಂಧವು ಶಿಕ್ಷಣ ಸಂಶೋಧನೆಯಲ್ಲಿ ಬಹುಕಾಲದಿಂದ ಚರ್ಚೆಗೊಳಗಾಗಿರುವ ವಿಷಯ. ಸಂಬಂಧವಿದೆ ಎಂಬುದರ ಬಗ್ಗೆ ಪ್ರಸ್ತುತ ಲೇಖಕನಿಗೂ ಸಂದೇಹವಿಲ್ಲ. ಆದರೆ ಆ ಸಂಬಂಧವನ್ನು ಅಳೆಯಲು ನಾವು ಎರವಲು ತಂದ ಅಳತೆಗೋಲು ಯಾವುದು, ಅದು ಯಾವುದನ್ನು ಕಾಣುತ್ತದೆ, ಯಾವುದನ್ನು ಕಾಣದೆ ಬಿಡುತ್ತದೆ ಎಂಬುದನ್ನು ವಿಮರ್ಶೆಗೆ ಒಳಪಡಿಸುವುದು ಅಗತ್ಯವಾಗಿದೆ. ನಾಯಕತ್ವ ಶೈಲಿಯೆಂಬುದು ಮುಖ್ಯೋಪಾಧ್ಯಾಯರ ಸ್ವಭಾವದಲ್ಲಿ ಅಡಗಿರುವ ವೈಯಕ್ತಿಕ ಗುಣವಲ್ಲ, ಶಾಲೆ ಮತ್ತು ಊರುಗಳ ನಡುವೆ ನೆಲೆಗೊಳ್ಳುವ ಒಂದು ಸಂಬಂಧ ಎಂಬುದು ಈ ಲೇಖನದ ಪ್ರತಿಪಾದನೆ. ಅದನ್ನು ಅರಿಯಲು ಈ ಸೀಮೆಯ ಜನರ ಮಾತು ಮತ್ತು ಮೇಳಗಳು ನಮಗೆ ಕೆಲವು ಪರಿಕಲ್ಪನೆಗಳನ್ನು ಒದಗಿಸುತ್ತವೆ.

ಹಿಪ್ಪರಗಿ ಸೀಮೆಯೆಂದರೆ ಇಲ್ಲಿ ಜಮಖಂಡಿ, ಮುಧೋಳ, ಬೀಳಗಿ ಹಾಗೂ ಈಚೆಗೆ ಪ್ರತ್ಯೇಕ ತಾಲ್ಲೂಕಾದ ರಬಕವಿ-ಬನಹಟ್ಟಿಗಳನ್ನು ಒಳಗೊಂಡ ಪ್ರದೇಶ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು, ತೇರದಾಳ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ಈ ಭಾಗ ವಿಶಾಲ ಮೈಸೂರಿಗೆ ಬಂದಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾಯಿತು. ಒಂದು ದಂಡೆಯ ಮೇಲೆ ಕಬ್ಬು, ಇನ್ನೊಂದು ಬದಿಗೆ ಮಗ್ಗ, ನಡುವೆ ನದಿ. ಶಾಲೆಯ ವಾತಾವರಣವನ್ನು ಕುರಿತು ಮಾತನಾಡುವವರು ಈ ಮೂರನ್ನೂ ಮರೆಯುವಂತಿಲ್ಲ.

2. ಪ್ರಶ್ನಾವಳಿಯ ಶಾಲೆ

ನಾಯಕತ್ವ ಶೈಲಿಗಳ ಪ್ರಸಿದ್ಧ ತ್ರಿವಿಧ ವಿಂಗಡಣೆಯು ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ ಅವರು ಅಮೆರಿಕದ ಅಯೋವಾದಲ್ಲಿ ನಡೆಸಿ 1939ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದುದು. ಹತ್ತು-ಹನ್ನೊಂದು ವರ್ಷದ ಹುಡುಗರ ಚಿಕ್ಕ ಗುಂಪುಗಳಿಗೆ ನಿರಂಕುಶ, ಪ್ರಜಾಸತ್ತಾತ್ಮಕ ಹಾಗೂ ಹಸ್ತಕ್ಷೇಪವಿಲ್ಲದ ನಾಯಕರನ್ನು ಒದಗಿಸಿ ಅವರ ವರ್ತನೆಯನ್ನು ದಾಖಲಿಸಲಾಯಿತು. ನಾಯಕ ಕೋಣೆಯಿಂದ ಹೊರಗೆ ಹೋದಾಗ ಏನಾಗುತ್ತದೆ ಎಂಬುದು ಆ ಪ್ರಯೋಗದ ಅತ್ಯಂತ ಮಾರ್ಮಿಕ ಭಾಗ. ನಿರಂಕುಶ ನಾಯಕನಿಗೆ ಅಂಜಿ ತಲೆಬಾಗಿದ್ದ ಗುಂಪುಗಳಲ್ಲಿ ಅವನು ಮರೆಯಾದೊಡನೆ ಕೆಲಸ ಕುಸಿಯಿತು. ಪ್ರಜಾಸತ್ತಾತ್ಮಕ ಗುಂಪುಗಳಲ್ಲಿ ಅದು ಹೆಚ್ಚು ಬದಲಾಗದೆ ಮುಂದುವರಿಯಿತು. ಮಾಸ್ತರರು ಹೊರಗೆ ಹೋದಾಗ ವರ್ಗದ ಸ್ಥಿತಿ ಏನೆಂಬುದರ ಮೇಲೆ ಮಾಸ್ತರರನ್ನು ಅಳೆಯುವ ನಮ್ಮ ಹಳ್ಳಿಯ ರೂಢಿಗೆ ಇದು ದೂರವಾದುದೇನಲ್ಲ.

ಶಾಲಾ ವಾತಾವರಣದ ಅಧ್ಯಯನಕ್ಕೆ ಮಾದರಿಯಾದುದು ಆಂಡ್ರ್ಯೂ ಹಾಲ್ಪಿನ್ ಮತ್ತು ಡಾನ್ ಕ್ರಾಫ್ಟ್ ಅವರ ಕೆಲಸ. 1963ರಲ್ಲಿ ಪುಸ್ತಕರೂಪದಲ್ಲಿ ಬಂದ ಈ ಅಧ್ಯಯನವು 71 ಪ್ರಾಥಮಿಕ ಶಾಲೆಗಳನ್ನು ಆಧರಿಸಿತ್ತು. 64 ಹೇಳಿಕೆಗಳ ಪ್ರಶ್ನಾವಳಿಯ ಮೂಲಕ ಎಂಟು ಆಯಾಮಗಳನ್ನು ಅಳೆದು, ಮುಕ್ತ, ಸ್ವಾಯತ್ತ, ನಿಯಂತ್ರಿತ, ಆತ್ಮೀಯ, ಪಿತೃಸದೃಶ ಹಾಗೂ ಸಂವೃತ ಎಂಬ ಆರು ಬಗೆಯ ವಾತಾವರಣಗಳನ್ನು ಅವರು ಗುರುತಿಸಿದರು. ಭಾರತದಲ್ಲಿ ಮೋತಿಲಾಲ್ ಶರ್ಮಾ ಅವರು ಇದೇ ಜಾಡಿನಲ್ಲಿ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಆ ಬಳಿಕ ನಮ್ಮ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳಲ್ಲಿ ಈ ಮಾದರಿಯ ಪ್ರಬಂಧಗಳು ಒಂದರ ಹಿಂದೊಂದು ಬಂದಿವೆ. ಮುಂದೆ ಜೇಮ್ಸ್ ಬರ್ನ್ಸ್ 1978ರಲ್ಲಿ ಮುಂದಿಟ್ಟ ವಿನಿಮಯಾತ್ಮಕ ಮತ್ತು ಪರಿವರ್ತನಾತ್ಮಕ ನಾಯಕತ್ವಗಳ ವಿಂಗಡಣೆಯೂ ಇದಕ್ಕೆ ಸೇರಿಕೊಂಡಿತು.

ಈ ಪರಂಪರೆಯ ಸಾಧನೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಶಾಲೆಯ ಸೋಲನ್ನು ಕೇವಲ ಮಕ್ಕಳ ಬುದ್ಧಿಗೋ ಬಡತನಕ್ಕೋ ಆರೋಪಿಸುತ್ತಿದ್ದ ಕಾಲದಲ್ಲಿ, ಶಾಲೆಯೊಳಗಿನ ಮಾನವ ಸಂಬಂಧಗಳೇ ಅಧ್ಯಯನಕ್ಕೆ ಯೋಗ್ಯವಾದುವೆಂದು ಅದು ತೋರಿಸಿಕೊಟ್ಟಿತು. ಆದರೂ ಮೂರು ಆಕ್ಷೇಪಗಳನ್ನು ಎತ್ತಬೇಕಾಗುತ್ತದೆ.

ಮೊದಲನೆಯದು, ಉತ್ತರಿಸುವವರು ಯಾರು ಎಂಬುದು. ಹಾಲ್ಪಿನ್-ಕ್ರಾಫ್ಟ್ ಪ್ರಶ್ನಾವಳಿಗೆ ಉತ್ತರ ಬರೆಯುವವರು ಶಿಕ್ಷಕರು ಮತ್ತು ಮುಖ್ಯಸ್ಥರು ಮಾತ್ರ. ವಿದ್ಯಾರ್ಥಿ ಇಲ್ಲ, ತಾಯಿ-ತಂದೆಯರಿಲ್ಲ, ಬಿಸಿಯೂಟದ ಅಡುಗೆಯವರಿಲ್ಲ. ವಾತಾವರಣವನ್ನು ಉಸಿರಾಡುವವರಲ್ಲಿ ಬಹುಸಂಖ್ಯಾತರು ಹೊರಗುಳಿದರು. ಎರಡನೆಯದು, ಪ್ರಾಥಮಿಕ ಶಾಲೆಗಾಗಿ ಹುಟ್ಟಿದ ಸಾಧನವನ್ನು ಪ್ರೌಢಶಾಲೆಗೆ ಹಾಗೆಯೇ ಒಗ್ಗಿಸಿಕೊಂಡದ್ದು. ಅಮೆರಿಕದಲ್ಲಿಯೇ ವೇಯ್ನ್ ಹಾಯ್ ಮತ್ತು ಸಂಗಡಿಗರು ಮುಂದೆ ಪ್ರೌಢಶಾಲೆಗಳಿಗಾಗಿ ಪ್ರತ್ಯೇಕ ಪರಿಷ್ಕರಣೆಯನ್ನು ಸಿದ್ಧಪಡಿಸಬೇಕಾಯಿತೆಂಬುದು ಗಮನಾರ್ಹ. ಮೂರನೆಯದು ಹಾಗೂ ಮುಖ್ಯವಾದುದು, ಗೋಡೆಯ ಪ್ರಶ್ನೆ. ಈ ಸಾಧನಗಳಲ್ಲಿ ಶಾಲೆಯ ಆವರಣದ ಗೋಡೆಯೇ ಲೋಕದ ಅಂಚು. ಶಾಲೆಯ ಹೊರಗಿನ ಊರು ಅಲ್ಲಿ ಒಂದು ಸೊನ್ನೆ.

3. ಜನರ ಮಾತಿನಲ್ಲಿ ಹೆಡ್‌ಮಾಸ್ತರ

ಪಾರಿಜಾತ ಮೇಳಗಳ ಕ್ಷೇತ್ರಕಾರ್ಯಕ್ಕಾಗಿ ಈ ಸೀಮೆಯಲ್ಲಿ ತಿರುಗಾಡುವಾಗ ಚಹಾದ ಅಂಗಡಿ, ಮಗ್ಗದ ಮನೆ, ಬಸ್‌ನಿಲ್ದಾಣಗಳಲ್ಲಿ ಶಾಲೆಯ ಮಾತು ತಾನಾಗಿಯೇ ಬರುತ್ತಿತ್ತು. ಆ ಮಾತುಗಳಲ್ಲಿ ಮುಖ್ಯೋಪಾಧ್ಯಾಯರ ಒಂದು ಜನಪದ ವರ್ಗೀಕರಣವೇ ಅಡಗಿದೆ. 'ಖಡಕ್' ಮತ್ತು 'ಮೆತ್ತಗಿನವರು' ಎಂಬುದು ಮೊದಲ ವಿಂಗಡಣೆ. ನಿರಂಕುಶ ಮತ್ತು ಪ್ರಜಾಸತ್ತಾತ್ಮಕ ಎಂಬ ಜೋಡಿಗೆ ಇವು ಸಂವಾದಿಯೆಂದು ಮೇಲುನೋಟಕ್ಕೆ ತೋರಬಹುದು. ಹಾಗಲ್ಲ. 'ಖಡಕ್' ಎಂಬುದು ಬಹುಮಟ್ಟಿಗೆ ಹೊಗಳಿಕೆಯ ಮಾತು. 'ಮೆತ್ತಗಿನವರು' ಎಂಬುದರಲ್ಲಿ ಕನಿಕರದೊಡನೆ ದೂರೂ ಬೆರೆತಿರುತ್ತದೆ. ಮೆತ್ತಗಿನ ಹೆಡ್‌ಮಾಸ್ತರರ ಶಾಲೆಯಲ್ಲಿ ಯಾರ ಮಾತೂ ನಡೆಯುವುದಿಲ್ಲ, ಕಡೆಗೆ ನಷ್ಟವಾಗುವುದು ಹೇಳುವವರು-ಕೇಳುವವರಿಲ್ಲದ ಮಕ್ಕಳಿಗೇ ಎಂಬ ಅನುಭವ ಆ ಮಾತಿನ ಹಿಂದಿದೆ.

ಇದಕ್ಕಿಂತ ಮುಖ್ಯವಾದುದು ಎರಡನೆಯ ವಿಂಗಡಣೆ: 'ನಮ್ಮವರು' ಮತ್ತು 'ನೌಕರಿ ಮಾಡಾಕ ಬಂದವರು'. "ಖಡಕ್ ಅದಾರ ಖರೆ, ಆದ್ರ ನಮ್ಮಾಂವ ಅನ್ನೂವಂಗ ಅದಾರ" ಎಂದು ಒಬ್ಬ ನೇಕಾರ ಹಿರಿಯರು ಹೇಳಿದ್ದು ನೆನಪಿದೆ. ಆ ಮುಖ್ಯೋಪಾಧ್ಯಾಯರು ಪರಜಿಲ್ಲೆಯವರು, ಬೇರೆ ಜಾತಿಯವರು. ಹಾಗಿದ್ದರೆ 'ನಮ್ಮಾಂವ' ಆದದ್ದು ಹೇಗೆ? ಆ ಹಿರಿಯರ ವಿವರಣೆ ಸರಳವಾಗಿತ್ತು: ಮಗಳು ನಾಲ್ಕು ದಿನ ಶಾಲೆಗೆ ಹೋಗದಿದ್ದಾಗ ಐದನೆಯ ದಿನ ಹೆಡ್‌ಮಾಸ್ತರರು ಮನೆಯ ಹೊಸ್ತಿಲಿಗೆ ಬಂದಿದ್ದರು, ಬೈಯಲಿಲ್ಲ, ಹುಡುಗಿ ಕಂಡಿಕೆ ಸುತ್ತುತ್ತಿದ್ದುದನ್ನು ನೋಡಿ ಮಗ್ಗದ ಪಕ್ಕದಲ್ಲಿ ಕುಳಿತು, ಒಂದು ಸೀರೆಗೆ ಎಷ್ಟು ಕೂಲಿ ಸಿಗುತ್ತದೆಂದು ಮೊದಲು ಕೇಳಿದರು. ಶಾಲೆಯ ಮಾತು ಬಂದದ್ದು ಆಮೇಲೆ.

ಇಲ್ಲಿ ನಾಯಕತ್ವದ ಗುಣವು ವ್ಯಕ್ತಿಯೊಳಗಿಂದ ಹೊಮ್ಮಿದ್ದಲ್ಲ, ಊರು ಅವರಿಗೆ ಕೊಟ್ಟದ್ದು. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳಂಥ ನೇಕಾರಿಕೆಯ ಊರುಗಳಲ್ಲಿ 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ಗಾದೆಗೆ ವಿಶೇಷ ಅರ್ಥವಿದೆ. ಮುಖ್ಯಸ್ಥರಂತೆ ಶಾಲೆ ಎಂದು ಹೇಳುವವರಿಗೆ ಈ ಗಾದೆಯ ಮೊದಲ ಓದು ಬೆಂಬಲವಾಗಿ ಕಾಣಬಹುದು. ಆದರೆ ನೇಕಾರನಿಗೆ ಗೊತ್ತು, ನೂಲು ಎಂದರೆ ಒಂದೇ ಎಳೆಯಲ್ಲ. ಹಾಸು ಬೇರೆ, ಹೊಕ್ಕು ಬೇರೆ. ಎರಡೂ ಕೂಡಿದಲ್ಲಿ ಮಾತ್ರ ಬಟ್ಟೆ. ಊರು ಮೊದಲೇ ಹಾಸಿಟ್ಟ ಎಳೆಗಳ ನಡುವೆ ಲಾಳಿಯಂತೆ ಅತ್ತಿಂದಿತ್ತ ಓಡಾಡಬಲ್ಲ ಮುಖ್ಯೋಪಾಧ್ಯಾಯರಿದ್ದರೆ ಶಾಲೆ ನೇಯ್ಗೆಯಾಗುತ್ತದೆ. ಓಡಾಡದಿದ್ದರೆ ಹಾಸು ಹಾಸಾಗಿಯೇ ಉಳಿಯುತ್ತದೆ.

4. ಮೇಳದ ಭಾಗವತ

ಈ ಸೀಮೆಯ ಜನರು ನಾಯಕತ್ವವನ್ನು ಕಣ್ಣಾರೆ ಕಂಡು ಕಲಿತ ಒಂದು ತಾಣವೆಂದರೆ ಶ್ರೀಕೃಷ್ಣ ಪಾರಿಜಾತದ ಆಟ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ರಂಗಕ್ಕೆ ಅಳವಡಿಸಿದನೆಂಬುದು, ಕೌಜಲಗಿ ನಿಂಗಮ್ಮನವರು ಅದನ್ನು ಊರೂರಿಗೆ ಮುಟ್ಟಿಸಿದರೆಂಬುದು ಜಾನಪದಾಸಕ್ತರಿಗೆ ತಿಳಿದ ವಿಷಯ. ಸತ್ಯಭಾಮೆಯ ಮುನಿಸು, ಕೃಷ್ಣನ ಚಾತುರ್ಯಗಳ ಕಥೆ ಇರುಳಿಡೀ ನಡೆಯುತ್ತದೆ. ಆ ಇರುಳನ್ನು ಹಿಡಿದು ನಿಲ್ಲಿಸುವವನು ಭಾಗವತ.

ಭಾಗವತನ ಸ್ಥಾನ ವಿಚಿತ್ರವಾದುದು. ಅವನು ಪಾತ್ರಧಾರಿಯಲ್ಲ, ಆದರೆ ಪಾತ್ರಗಳೊಡನೆ ಮಾತನಾಡುತ್ತಾನೆ. ಪ್ರೇಕ್ಷಕನಲ್ಲ, ಆದರೆ ಪ್ರೇಕ್ಷಕರ ಸಂದೇಹಗಳನ್ನು ಅವರ ಪರವಾಗಿ ಕೇಳುತ್ತಾನೆ. ಗೊಲ್ಲತಿಯೊಡನೆ ಹಾಸ್ಯ ಮಾಡುತ್ತಲೇ ಕಥೆಯನ್ನು ಮುಂದೂಡುತ್ತಾನೆ. ಹಾಡಿನ ಮೊದಲ ಸೊಲ್ಲನ್ನು ಎತ್ತುವವನು ಅವನು. ಅದನ್ನು ಹಿಡಿದು ಮುಗಿಲಿಗೇರಿಸುವವರು ಹಿಮ್ಮೇಳದವರು. ಹಿಮ್ಮೇಳ ದನಿಗೂಡಿಸದಿದ್ದರೆ ಭಾಗವತನ ಕಂಠ ಎಷ್ಟೇ ಒಳ್ಳೆಯದಿದ್ದರೂ ಆಟಕ್ಕೆ ಕಳೆಯಿಲ್ಲ. ಹೊಸ ಹುಡುಗನೊಬ್ಬ ಪಾತ್ರದಲ್ಲಿ ತಡವರಿಸಿದಾಗ ಭಾಗವತ ಅವನನ್ನು ಗದರಿಸುವುದಿಲ್ಲ. ಮುಂದಿನ ಮಾತು ಒಳಗೊಂಡಿರುವಂತೆ ಒಂದು ಪ್ರಶ್ನೆಯನ್ನು ಎಸೆಯುತ್ತಾನೆ. ಹುಡುಗ ಉತ್ತರಿಸುತ್ತಾನೆ, ಆಟ ಮುಂದುವರಿಯುತ್ತದೆ, ತಡವರಿಸಿದ್ದು ಯಾರಿಗೂ ತಿಳಿಯುವುದಿಲ್ಲ.

ಹಾಲ್ಪಿನ್ ಮತ್ತು ಕ್ರಾಫ್ಟ್ ಗುರುತಿಸಿದ ಎಂಟು ಆಯಾಮಗಳಲ್ಲಿ ಒಂದು, ಮುಖ್ಯಸ್ಥರು ಕಾವಲು ಕಾಯುವ ಬದಲು ತಮ್ಮ ದುಡಿಮೆಯ ಮೇಲ್ಪಂಕ್ತಿಯಿಂದಲೇ ಸಂಸ್ಥೆಯನ್ನು ಚಲಿಸುವಂತೆ ಮಾಡುವುದು. ಮತ್ತೊಂದು, ಶಿಕ್ಷಕವೃಂದದ ಹುರುಪು. ಇವೆರಡೂ ಎತ್ತರದಲ್ಲಿದ್ದರೆ ವಾತಾವರಣ ಮುಕ್ತವಾಗಿರುತ್ತದೆಂಬುದು ಅವರ ನಿಲುವು. ಸೊಲ್ಲೆತ್ತುವ ಭಾಗವತ ಮತ್ತು ದನಿಗೂಡಿಸುವ ಹಿಮ್ಮೇಳಗಳಲ್ಲಿ ಈ ಎರಡು ಆಯಾಮಗಳೂ ಇವೆ. 'ಆಳಾಗಬಲ್ಲವನು ಅರಸಾಗಬಲ್ಲ' ಎಂಬ ಗಾದೆಯೂ ಇದನ್ನೇ ಬೇರೆ ದಾರಿಯಿಂದ ಹೇಳುತ್ತದೆ. ಆದರೆ ಪ್ರಶ್ನಾವಳಿಯಲ್ಲಿ ಕಾಣದ ಮೂರನೆಯದೊಂದು ಮೇಳದಲ್ಲಿದೆ: ಎದುರಿಗೆ ಕುಳಿತ ಊರು. ಭಾಗವತ ಮುಖ ಮಾಡಿ ನಿಲ್ಲುವುದು ಅದರ ಕಡೆಗೆ. ಆಟ ಚೆನ್ನಾಯಿತೋ ಇಲ್ಲವೋ ಎಂದು ತೀರ್ಮಾನಿಸುವವರು ಹಿಮ್ಮೇಳದವರಲ್ಲ, ಬೆಳಗಿನವರೆಗೆ ಏಳದೆ ಕುಳಿತ ಜನ.

ಈ ಸೀಮೆಯಲ್ಲಿ ಈ ಬಗೆಯ ನಾಯಕತ್ವಕ್ಕೆ ಶಾಲೆಯ ಹೊರಗಿನ ದೃಷ್ಟಾಂತವೂ ಇದೆ. ಕೃಷ್ಣೆಯ ಮೇಲೆ ಹಿಪ್ಪರಗಿಯಲ್ಲಿ ಸರ್ಕಾರ ಕಟ್ಟಿದ ಬ್ಯಾರೇಜು ಇದೆ. ನದಿಯ ಕೆಳಗಿನ ಹರಿವಿನಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಕಟ್ಟಿಕೊಂಡ ಬ್ಯಾರೇಜು ಇದೆ. ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಕೃಷ್ಣಾತೀರದ ರೈತರ ಸಂಘವು ವಂತಿಗೆ ಮತ್ತು ಶ್ರಮದಾನಗಳಿಂದ 1989ರಲ್ಲಿ ಪೂರೈಸಿದ ಆ ಕೆಲಸಕ್ಕೆ ಜನರಿಟ್ಟ ಹೆಸರು ಶ್ರಮಬಿಂದು ಸಾಗರ. ನಾಯಕನ ಹೆಸರಿನ ಹಿಂದೆಯೂ 'ಬ್ಯಾರೇಜ್' ಎಂಬುದು ಬಿರುದಿನಂತೆ ಅಂಟಿಕೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳಿಗಾಗಿ ದುಡಿದ ಶಿಕ್ಷಣಾಧಿಕಾರಿ ಚನ್ನಬಸಪ್ಪನವರ ಹೆಸರಿಗೆ 'ಡೆಪ್ಯುಟಿ' ಎಂಬ ಹುದ್ದೆಯೇ ಮನೆತನದ ಹೆಸರಿನಂತೆ ಸೇರಿಕೊಂಡದ್ದನ್ನು ಇದರೊಡನೆ ಇಟ್ಟು ನೋಡಬಹುದು. ಹುದ್ದೆಯಾಗಲಿ ಕೆಲಸವಾಗಲಿ ಹೆಸರಿಗೆ ಅಂಟುವುದು ಜನರು ಒಪ್ಪಿದಾಗ ಮಾತ್ರ.

5. ಮಾದರಿಯ ಮಿತಿಗಳು

ಜಾನಪದ ವಿದ್ವಾಂಸರಲ್ಲಿ ಜನಪದ ಮಾದರಿಗಳನ್ನು ಆರಾಧನಾಭಾವದಿಂದ ನೋಡುವ ದೋಷವಿದೆ. ನಾನೂ ಅದರಿಂದ ಹೊರತಲ್ಲ. ಆದುದರಿಂದ ಭಾಗವತ ಮಾದರಿಯ ಮಿತಿಗಳನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು.

ಊರೆಂಬುದು ಒಂದೇ ಮನಸ್ಸಿನ ಸಮುದಾಯವಲ್ಲ. ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿಯವರಾದ ರಾವಬಹಾದ್ದೂರರು 1957ರಲ್ಲಿ ಪ್ರಕಟಿಸಿದ 'ಗ್ರಾಮಾಯಣ' ಕಾದಂಬರಿಯು ಹಳ್ಳಿಯ ಈ ಮುಖವನ್ನು ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ. ಮುಂದಾಳತನಕ್ಕಾಗಿ ನಡೆಯುವ ಪೈಪೋಟಿ, ಪಕ್ಷ-ಪ್ರತಿಪಕ್ಷ, ಒಳಸಂಚುಗಳಲ್ಲಿ ಊರು ಹೇಗೆ ನುಚ್ಚುನೂರಾಗುತ್ತದೆ ಎಂಬುದೇ ಅದರ ವಸ್ತು. ಆ ಕಾದಂಬರಿಯನ್ನು ಓದಿದವರು 'ಊರು ಒಪ್ಪಿದ ಮುಖ್ಯೋಪಾಧ್ಯಾಯ' ಎಂದು ಸಲೀಸಾಗಿ ಹೇಳಲಾರರು. ಒಪ್ಪಿದ್ದು ಯಾವ ಓಣಿ? ಒಪ್ಪದೆ ಸುಮ್ಮನಿದ್ದುದು ಯಾವ ಕೇರಿ? ಗೌಡರ ಮನೆಯ ಚಾವಡಿಯಲ್ಲಿ 'ನಮ್ಮವರು' ಎನಿಸಿಕೊಂಡವರು ದಲಿತ ಕೇರಿಯ ಮಗುವಿಗೂ 'ನಮ್ಮವರು' ಆಗಿದ್ದಾರೆಯೆ? ಊಟದ ಪಂಕ್ತಿ, ನೀರಿನ ಕೊಡ, ಪ್ರಾರ್ಥನೆಯ ಸಾಲುಗಳಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಹಾಲ್ಪಿನ್-ಕ್ರಾಫ್ಟ್ ಶ್ರೇಣಿಯಲ್ಲಿ ಪಿತೃಸದೃಶ ವಾತಾವರಣಕ್ಕೆ ಐದನೆಯ ಸ್ಥಾನ, ಅಂದರೆ ಸಂವೃತಕ್ಕಿಂತ ಒಂದೇ ಮೆಟ್ಟಿಲು ಮೇಲೆ. ನಮ್ಮಲ್ಲಿ 'ತಂದೀ ಇದ್ದಂಗ ಅದಾರ' ಎಂಬುದು ಹೆಡ್‌ಮಾಸ್ತರರಿಗೆ ಸಲ್ಲುವ ಅತ್ಯುನ್ನತ ಪ್ರಶಂಸೆ. ಈ ವೈರುಧ್ಯವನ್ನು ಮುಂದಿಟ್ಟುಕೊಂಡು ಪಾಶ್ಚಾತ್ಯ ಮಾಪನ ನಮಗೆ ಹೊಂದದೆಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಟೀಕಿಸಿದ್ದು ತಂದೆಯ ಮಮತೆಯನ್ನಲ್ಲ. ಎಲ್ಲೆಡೆ ತಾನೇ ಮೂಗು ತೂರಿಸಿ, ಎಲ್ಲವನ್ನೂ ತಾನೇ ಬಲ್ಲೆನೆಂದು ಓಡಾಡಿ, ಶಿಕ್ಷಕರಾರೂ ಸ್ವಂತ ಹೊಣೆ ಹೊರದಂತೆ ಮಾಡುವ ಯಜಮಾನಿಕೆಯನ್ನು. ಅಂಥ ತಂದೆಯರನ್ನು ನಾವೂ ಬಲ್ಲೆವು. ಹದಿನಾಲ್ಕು ದಾಟಿದ ಹೆಣ್ಣುಮಗಳಿಗೆ ಶಾಲೆಯೊಳಗೂ ಇನ್ನೊಬ್ಬ ತಂದೆಯೇ ಬೇಕೆ, ಅಥವಾ ಮನೆಯ ತಂದೆಯೊಡನೆ ಅವಳ ಪರವಾಗಿ ಮಾತನಾಡಬಲ್ಲ ಮೂರನೆಯವರೊಬ್ಬರು ಬೇಕೆ? ಭಾಗವತನ ಸ್ಥಾನ ಈ ಮೂರನೆಯವರದು. ಮೇಳ ಕಟ್ಟಿ ನಡೆಸಿದವರಲ್ಲಿ ನಿಂಗಮ್ಮನಂಥ ಹೆಣ್ಣುಮಗಳೂ ಇದ್ದಳೆಂಬುದನ್ನು, ಮುಂದಾಳತನವೆಂದರೆ ಗಂಡಸಿನ ಗಡಸು ದನಿಯೆಂದು ಭಾವಿಸುವವರಿಗೆ ನೆನಪಿಸಬೇಕಾಗುತ್ತದೆ.

ಇನ್ನು ಅಂಜಿಕೆಯ ಪ್ರಶ್ನೆ. 'ಖಡಕ್' ಎಂಬ ಹೊಗಳಿಕೆಯೊಳಗೆ ಬೆತ್ತದ ನೆನಪೂ ಇದೆ. ಗಾಂವಠಿ ಶಾಲೆಯ ಐಗಳ ಕಾಲದಿಂದ ಬಂದ ಶಿಕ್ಷೆಯ ಕಥೆಗಳನ್ನು ಹಿರಿಯರು ಇಂದಿಗೂ ನಗುನಗುತ್ತ ಹೇಳುತ್ತಾರೆ. ಹೇಳಿ ನಗುವವರು ಕಲಿತು ಉಳಿದವರು. ಬೆತ್ತಕ್ಕೆ ಅಂಜಿ ಶಾಲೆ ಬಿಟ್ಟವರ ಕಥೆ ಯಾವ ಸಂಗ್ರಹದಲ್ಲಿಯೂ ಸೇರಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಕ್ಷೇತ್ರಕಾರ್ಯ ಮಾಡುವ ನಾವು ಉಳಿದವರ ನಗೆಯನ್ನಷ್ಟೇ ದಾಖಲಿಸಿ ಬಿಟ್ಟುಹೋದವರ ಮೌನವನ್ನು ಮರೆತರೆ, ಪ್ರಶ್ನಾವಳಿಯ ಸಂಶೋಧಕರಿಗಿಂತ ಮೇಲೆಂದು ಹೇಳಿಕೊಳ್ಳುವ ಅರ್ಹತೆ ನಮಗಿಲ್ಲ.

6. ಸೊಲ್ಲೆತ್ತಲು ಬಿಡುವಿಲ್ಲದ ಭಾಗವತ

ನಾಯಕತ್ವ ಶೈಲಿಯ ಅಧ್ಯಯನಗಳಲ್ಲಿ ಒಂದು ಮೌನವಾದ ಗೃಹೀತವಿದೆ: ಪ್ರತಿಯೊಂದು ಶಾಲೆಗೂ ಒಬ್ಬ ಮುಖ್ಯಸ್ಥರಿದ್ದಾರೆ, ಶೈಲಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿದೆ ಎಂಬುದು. ವಾಸ್ತವ ಬೇರೆ. ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಹುದ್ದೆ ಪತ್ರಾಂಕಿತ ದರ್ಜೆಯದು. ಆದರೆ ಹುದ್ದೆ ಖಾಲಿಯಿದ್ದಾಗ ಹಿರಿಯ ಸಹಶಿಕ್ಷಕರೊಬ್ಬರು 'ಪ್ರಭಾರಿ'ಯಾಗುತ್ತಾರೆ. ಅವರಿಗೆ ತಮ್ಮ ವಿಷಯದ ಪಾಠಗಳೂ ತಪ್ಪುವುದಿಲ್ಲ, ಕಚೇರಿಯ ಕೆಲಸವೂ ತಪ್ಪುವುದಿಲ್ಲ. ನಿನ್ನೆಯವರೆಗೆ ಜೊತೆಯಲ್ಲಿ ಚಹಾ ಕುಡಿಯುತ್ತಿದ್ದ ಸಹೋದ್ಯೋಗಿಗಳಿಗೆ ಇಂದು ನೋಟೀಸು ಕೊಡುವ ಧೈರ್ಯವೂ ಬರುವುದಿಲ್ಲ. ಇಂಥವರ ಶೈಲಿಯನ್ನು 'ಹಸ್ತಕ್ಷೇಪವಿಲ್ಲದ ನಾಯಕತ್ವ' ಎಂದು ಗುರುತಿಸಿದರೆ ಅದು ಆಡಳಿತದ ಕೊರತೆಯನ್ನು ವ್ಯಕ್ತಿಯ ಸ್ವಭಾವವೆಂದು ಬರೆದಂತಾಗುತ್ತದೆ. ಖಾಸಗಿ ಹಾಗೂ ಅನುದಾನಿತ ಶಾಲೆಗಳಲ್ಲಿ ಆಡಳಿತ ಮಂಡಳಿಯ ಇಚ್ಛೆ ಮತ್ತು ಇಲಾಖೆಯ ಆದೇಶಗಳ ನಡುವೆ ಸಿಕ್ಕಿದ ಮುಖ್ಯೋಪಾಧ್ಯಾಯರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ.

ಲೆಕ್ಕಪತ್ರಗಳ ಹೊರೆ ಇನ್ನೊಂದು. ಬಿಸಿಯೂಟದ ಅಕ್ಕಿ-ಬೇಳೆ, ಹಾಲಿನ ಪುಡಿ, ಮೊಟ್ಟೆ-ಬಾಳೆಹಣ್ಣು, ವಿದ್ಯಾರ್ಥಿವೇತನ, ಸಮವಸ್ತ್ರ, ಗಣಕಯಂತ್ರದಲ್ಲಿ ತುಂಬಬೇಕಾದ ಮಾಹಿತಿ, ಇವೆಲ್ಲವೂ ಮಕ್ಕಳ ಹಿತಕ್ಕಾಗಿಯೇ ಇರುವಂಥವು. ಆದರೆ ಇವುಗಳ ನಡುವೆ ಮುಖ್ಯೋಪಾಧ್ಯಾಯರು ಮೊದಲ ಸೊಲ್ಲು ಎತ್ತುವುದು ಯಾವಾಗ? ಗುಮಾಸ್ತರಿಲ್ಲದ ಶಾಲೆಯೊಂದರ ಮುಖ್ಯಸ್ಥರು ಒ‌ಮ್ಮೆ ನನಗೆ, "ನಾನು ವರ್ಗದೊಳಗೆ ಹೋಗುವುದು ಅಲ್ಲಿ ಎಷ್ಟು ಮಂದಿ ಊಟಕ್ಕಿದ್ದಾರೆಂದು ಎಣಿಸಲು ಮಾತ್ರ" ಎಂದು ಹೇಳಿದ್ದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ದಣಿವಿತ್ತು.

ಎಲ್ಲಕ್ಕಿಂತ ಭಾರವಾದದ್ದು ಫಲಿತಾಂಶದ ಒತ್ತಡ. ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರು ಅಂಕಿಯೇ ಶಾಲೆಯ ಗುಣವೆಂದು, ಮುಖ್ಯಸ್ಥರ ಸಾಮರ್ಥ್ಯವೆಂದು ಬಗೆಯುವ ರೂಢಿ ಬೆಳೆದಿದೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89ರಷ್ಟಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಿತು. ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಹತ್ತು ಅಂಶಗಳಷ್ಟು ಕುಸಿದ ಈ ಅಂಕಿಯು ಮಕ್ಕಳ ಬುದ್ಧಿ ಒಂದೇ ವರ್ಷದಲ್ಲಿ ಕುಗ್ಗಿತೆಂದು ಹೇಳುವುದಿಲ್ಲ. ಕಣ್ಗಾವಲಿಲ್ಲದ ಕಾಲದ ಅಂಕಿಗಳನ್ನು ನಾವು ಎಷ್ಟರಮಟ್ಟಿಗೆ ನಂಬಬಹುದಿತ್ತು ಎಂದು ಕೇಳುತ್ತದೆ. ಮೇಲಿನ ಅಧಿಕಾರಿಗಳು ಅಂಕಿಯನ್ನು ಕೇಳಿದಾಗ ಮುಖ್ಯೋಪಾಧ್ಯಾಯರು ಶಿಕ್ಷಕರಲ್ಲಿ ಅಂಕಿಯನ್ನು ಕೇಳುತ್ತಾರೆ. ಶಿಕ್ಷಕರು ಮಕ್ಕಳಲ್ಲಿ ಕೇಳುತ್ತಾರೆ. ಹಿಂದುಳಿದ ಮಗು ಆಗ ಕಲಿಸಬೇಕಾದ ಮಗುವಾಗಿ ಕಾಣುವುದಿಲ್ಲ, ಶೇಕಡಾವಾರು ಅಂಕಿಯನ್ನು ಕೆಳಗೆಳೆಯುವ ಭಾರವಾಗಿ ಕಾಣುತ್ತದೆ. ಒಂಬತ್ತನೆಯ ತರಗತಿಯಲ್ಲಿಯೇ ಅಂಥ ಮಗುವಿಗೆ 'ನಿನಗೆ ಹತ್ತನೇತ್ತೆ ಆಗೂದಿಲ್ಲ' ಎಂಬ ಸೂಚನೆ ಸಿಗತೊಡಗಿದರೆ, ಆ ಶಾಲೆಯ ಫಲಿತಾಂಶ ನೂರಕ್ಕೆ ನೂರಾದರೂ ಅದರ ವಾತಾವರಣ ಸಂವೃತವಾದುದೇ. ಬಾಗಿಲು ತೆರೆದಿರುವುದು ಹೊರಗೆ ಹೋಗಲು ಮಾತ್ರ.

'ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ' ಎಂಬ ಗಾದೆಯನ್ನು ಮುಖ್ಯೋಪಾಧ್ಯಾಯರಿಗೆ ಅನ್ವಯಿಸುವವರು, ಆ ಹಿರಿಯಕ್ಕನಿಗೂ ಒಬ್ಬಳು ಅತ್ತೆ ಇದ್ದಾಳೆಂಬುದನ್ನು ಗಮನಿಸಬೇಕು. ಆಡಳಿತ ವ್ಯವಸ್ಥೆಯ ನಾಯಕತ್ವ ಶೈಲಿಯೇ ಶಾಲೆಗೆ ಇಳಿದುಬರುತ್ತದೆ. ಆದೇಶಗಳ ಮೂಲಕವಷ್ಟೇ ಮಾತನಾಡುವ ವ್ಯವಸ್ಥೆಯು ತನ್ನ ಮುಖ್ಯೋಪಾಧ್ಯಾಯರಿಂದ ಪ್ರಜಾಸತ್ತಾತ್ಮಕ ನಡವಳಿಕೆಯನ್ನು ನಿರೀಕ್ಷಿಸುವುದು ತರವಲ್ಲ. 2001ರಿಂದ ರೂಢಿಗೆ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಊರನ್ನು ಶಾಲೆಯೊಳಕ್ಕೆ ತರುವ ಒಳ್ಳೆಯ ಆಶಯದಿಂದ ಹುಟ್ಟಿದವು. ಆದರೆ ಸಮಿತಿ ಸಹಿಯ ಸಭೆಯಾಗುವುದೂ, ನಿಜವಾದ ಎದುರು ಮೇಳವಾಗುವುದೂ ಮುಖ್ಯಸ್ಥರಿಗೆ ಅದರೊಡನೆ ಮಾತನಾಡಲು ಎಷ್ಟು ಬಿಡುವು ಸಿಗುತ್ತದೆ ಎಂಬುದನ್ನು ಅವಲಂಬಿಸಿದೆ.

7. ನೀರು ಬಂದಾಗ

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ ಮತ್ತು ಘಟಪ್ರಭೆಗಳು ಉಕ್ಕಿ ಹರಿದು ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲ್ಲೂಕುಗಳ ನದೀತೀರದ ಊರುಗಳು ಜಲಾವೃತವಾದವು. ಜನರು ಎತ್ತರದ ನೆಲ ಹುಡುಕಿ ಹೊರಟಾಗ ಅವರಿಗೆ ಆಸರೆಯಾದ ಕಟ್ಟಡಗಳಲ್ಲಿ ಶಾಲೆಗಳೂ ಇದ್ದವು. ವರ್ಗಕೋಣೆಗಳಲ್ಲಿ ಒಲೆ ಉರಿಯಿತು, ಬೆಂಚುಗಳ ಮೇಲೆ ಹಸುಗೂಸುಗಳು ಮಲಗಿದವು. ಆ ದಿನಗಳಲ್ಲಿ ಯಾವ ಹೆಡ್‌ಮಾಸ್ತರರು ಹೇಗಿದ್ದರೆಂಬುದನ್ನು ತೀರದ ಊರಿನವರು ವರ್ಷಗಳ ನಂತರವೂ ನೆನೆದು ಹೇಳುತ್ತಾರೆ. ಕೇಳುವ ಮೊದಲೇ ಬೀಗದ ಕೈ ತಂದವರು ಯಾರು, ಆದೇಶ ಬರಲೆಂದು ಕಾದವರು ಯಾರು, ಯಾವ ಕೋಣೆಯಲ್ಲಿ ಯಾವ ಕೇರಿಯವರು ಇರಬೇಕೆಂಬ ಪಿಸುಮಾತು ಎದ್ದಾಗ ಅದನ್ನು ಅಲ್ಲಿಯೇ ತಡೆದವರು ಯಾರು, ಕೇಳಿಯೂ ಕೇಳದಂತೆ ಇದ್ದವರು ಯಾರು ಎಂಬುದು ಅವರ ನೆನಪಿನಲ್ಲಿದೆ. 'ಮುಕ್ತ ವಾತಾವರಣ' ಎಂಬ ಪಾರಿಭಾಷಿಕ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವನ್ನು ನಾನು ಯಾವ ಗ್ರಂಥದಲ್ಲಿಯೂ ಕಂಡಿಲ್ಲ. 64 ಹೇಳಿಕೆಗಳಲ್ಲಿ ಬೀಗದ ಕೈಯ ಬಗ್ಗೆ ಒಂದೂ ಇಲ್ಲ.

ಒಟ್ಟಾರೆಯಾಗಿ, ಮುಖ್ಯೋಪಾಧ್ಯಾಯರ ನಾಯಕತ್ವ ಶೈಲಿಯು ಪ್ರೌಢಶಾಲೆಯ ವಾತಾವರಣವನ್ನು ರೂಪಿಸುತ್ತದೆ ಎಂಬ ಮಾತು ನಿಜ. ಆದರೆ ಅದು ಅರ್ಧ ನಿಜ. ಆ ಶೈಲಿಯನ್ನೇ ಊರು ಒಂದು ಕಡೆಯಿಂದ, ಆಡಳಿತ ವ್ಯವಸ್ಥೆ ಇನ್ನೊಂದು ಕಡೆಯಿಂದ ರೂಪಿಸುತ್ತಿರುತ್ತವೆ ಎಂಬುದು ಉಳಿದರ್ಧ. ಮುಂದಿನ ಸಂಶೋಧಕರು ಪ್ರಶ್ನಾವಳಿಯನ್ನು ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ಅದನ್ನು ಶಿಕ್ಷಕರ ಕೊಠಡಿಯಿಂದ ಹೊರಗೆ ತಂದು ಶಾಲೆ ಬಿಟ್ಟ ಹುಡುಗನಿಗೂ, ಕಂಡಿಕೆ ಸುತ್ತುವ ಹುಡುಗಿಗೂ, ಅಡುಗೆಯ ತಾಯಿಗೂ ಅವರವರ ಮಾತಿನಲ್ಲಿಯೇ ಕೇಳಲಿ. ಆಗ ದೊರೆಯುವ ಉತ್ತರಗಳು ಕೋಷ್ಟಕಗಳಲ್ಲಿ ಅಚ್ಚುಕಟ್ಟಾಗಿ ಕೂರಲಾರವು, ಆದರೆ ಶಾಲೆಯ ಕಳೆ ಎಲ್ಲಿಂದ ಬರುತ್ತದೆಂಬುದನ್ನು ಅವು ಹೇಳಬಲ್ಲವು. ಇಲಾಖೆಯು ಮಾಡಬೇಕಾದದ್ದು ಇನ್ನೂ ಸರಳ: ಖಾಲಿ ಕುರ್ಚಿಗಳನ್ನು ತುಂಬುವುದು, ಕುಳಿತವರು ಊರಿನ ದನಿಯನ್ನು ಗುರುತು ಹಿಡಿಯುವಷ್ಟು ಕಾಲ ಅಲ್ಲಿ ಇರಗೊಡುವುದು, ಲೆಕ್ಕದ ಹೊರೆಗೆ ಒಬ್ಬ ಗುಮಾಸ್ತರನ್ನು ಕೊಡುವುದು.

ಯಾವ ಭಾಗವತನೂ ಮೊದಲ ಇರುಳಿಗೇ ಮೇಳವನ್ನು ಕಟ್ಟಲಾರ. ಹಿಮ್ಮೇಳದವರ ಶ್ರುತಿಯನ್ನು ಅರಿಯಲು, ಎದುರು ಕುಳಿತವರ ಕೆಮ್ಮು-ಕಲರವಗಳ ಅರ್ಥ ತಿಳಿಯಲು ಅವನಿಗೆ ಕಾಲ ಬೇಕು. ಆ ಕಾಲವನ್ನು ಕೊಡದೆ ಆಟಕ್ಕೆ ಕಳೆ ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ.